ಬಗ್ಗದ ಬೂಟು

ಪಕ್ಕದ ಮನೆಯಾಕೆ ನನ್ನನ್ನು ಬೇಟೆಗೆ ಕರೆದಾಗ ನಾನು ಹಿತ್ತಲಲ್ಲಿ ಮೆಂತ್ಯದ ಬೀಜ ಉದುರಿಸುತ್ತಿದ್ದೆ. ಡೆಟ್ರಾಯ್ಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಸಬ್‌ಡಿವಿಜನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಹಿತ್ತಲುಗಳ ನಡುವೆ ಬೇಲಿಯಿಲ್ಲ. ಆಕೆ ಹುಲ್ಲಿನ ಮೇಲೆ ನಡೆದು ಬಂದು, ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, "ಅಕ್ಟೋಬರಿನಲ್ಲಿ ನಿನಗೆ ರಜೆ ಸಿಗುತ್ತದೆಯೇ?" ಎಂದು ಕೇಳಿದಳು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು, ಒಂಟಿ. ನಮ್ಮ ಮನೆಯ ಉಪ್ಪಿಟ್ಟು, ಅವಳ ಮನೆಯ ಸೇಬಿನ ಪೈ ಎಷ್ಟೋ ವರ್ಷಗಳಿಂದ ಆ ಹುಲ್ಲನ್ನು ದಾಟಿ ಓಡಾಡಿದ್ದವು. ಪ್ರತಿ ಶರತ್ಕಾಲದಲ್ಲಿ ಅವಳು ತನ್ನ ಅಣ್ಣನ ಜೊತೆ ಕೊಲರಾಡೋದ ಬೆಟ್ಟಗಳಿಗೆ ಹೋಗಿ ಎಲ್ಕ್ ಬೇಟೆಯಾಡುವುದು ನನಗೆ ಗೊತ್ತಿತ್ತು. ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ್ದೇ, ಅದಕ್ಕಿಂತ ದೊಡ್ಡದು. ಹಿಂದಿನ ಚಳಿಗಾಲದಲ್ಲಿ ಅಣ್ಣನಿಗೆ ಹೃದಯದ ಆಪರೇಷನ್ ಆಗಿ, ಡಾಕ್ಟರು ಎತ್ತರದ ಜಾಗಕ್ಕೆ ಹೋಗಲೇಬಾರದು ಎಂದಿದ್ದರು. ಆ ಬೆಟ್ಟಕ್ಕೆ ಒಬ್ಬರೇ ಹೋಗುವುದಿಲ್ಲ ಎಂದು ಅಣ್ಣ ತಂಗಿ ಎಂದೋ ಮಾತು ಕೊಟ್ಟುಕೊಂಡಿದ್ದರಂತೆ.

"ನೀನು ಬಂದೂಕು ಮುಟ್ಟಬೇಕಿಲ್ಲ," ಎಂದಳು. "ನನ್ನ ಜೊತೆ ನಡೆಯಬೇಕು. ಪ್ರಾಣಿ ಸಿಕ್ಕರೆ ಮಾಂಸ ಹೊರಬೇಕು. ಸಿಗದಿದ್ದರೆ ಅದೂ ಇಲ್ಲ."

ನಾನು ಹುಟ್ಟಿನಿಂದ ಮೊಟ್ಟೆಯನ್ನೂ ತಿಂದವಳಲ್ಲ. ಆದರೂ ಆ ಕ್ಷಣ ಬಾಯಿಗೆ ಬಂದದ್ದು 'ಇಲ್ಲ' ಎಂಬ ಮಾತಲ್ಲ, ಒಂದು ಪ್ರಶ್ನೆ. "ಅಷ್ಟು ದೊಡ್ಡ ಪ್ರಾಣಿಯನ್ನು ಇಬ್ಬರೇ ಹೇಗೆ ಕೆಳಗೆ ತರುತ್ತೀರಿ?" ಎಂದು ಕೇಳಿದೆ. ಅವಳು ನಕ್ಕಳು. ಪ್ರಶ್ನೆ ಕೇಳಿದವಳು ಅರ್ಧ ಒಪ್ಪಿದ ಹಾಗೆ ಎಂದು ಅವಳಿಗೆ ಅನ್ನಿಸಿರಬೇಕು. ನನ್ನ ಕೆಲಸವೂ ಅಂಥ ಪ್ರಶ್ನೆಗಳದ್ದೇ. ಕಾರಿನ ಸೀಟುಗಳ ಚೌಕಟ್ಟನ್ನು ಯಂತ್ರಕ್ಕೆ ಕೊಟ್ಟು ಬಗ್ಗಿಸಿ, ಎಲ್ಲಿ ಸೋಲುತ್ತದೆ ಎಂದು ನೋಡುವುದು. ಒಂದು ವಸ್ತು ಹೇಗೆ ಭಾರ ತಡೆಯುತ್ತದೆ ಎಂಬ ಮಾತನ್ನು ಯಾರಾದರೂ ಶುರು ಮಾಡಿದರೆ ನನಗೆ ಊಟ ಮರೆತುಹೋಗುತ್ತದೆ.

ಬರುತ್ತೇನೆ ಎಂದೆ. ಹಿತ್ತಲಿನಿಂದ ಹೊರಡುವ ಮುಂಚೆ ಅವಳು ಹೇಳಿದ್ದು ಒಂದೇ ಮಾತು. "ಟೆಂಟು, ಚೀಲ, ಕೋಲು ಎಲ್ಲ ನನ್ನ ಹತ್ತಿರ ಇವೆ. ಬೂಟು ಮಾತ್ರ ನೀನೇ ಹುಡುಕಬೇಕು. ಈಗಲೇ ಶುರು ಮಾಡು."

ಮೇ ತಿಂಗಳಿನಲ್ಲಿ ಅಕ್ಟೋಬರಿನ ಬೂಟು ಹುಡುಕುವುದೇ? ನನಗೆ ತಮಾಷೆ ಅನ್ನಿಸಿತು.

ಮನೆಯವರು ಮೈಸೂರಿನವರು, ನಾನು ಧಾರವಾಡದ ಕಡೆಯವಳು. ಸುದ್ದಿ ಕೇಳಿ ಅವರು ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟರು.

"ಬೇಟೆಗಾ? ನೀನಾ?"

"ಬೇಟೆ ಆಡಾಕ ಅಲ್ರಿ. ಆಕಿ ಜೋಡಿ ನಡ್ಯಾಕ."

ಆನ್ ಆರ್ಬರ್‌ನಲ್ಲಿ ಓದುತ್ತಿರುವ ಮಗಳು ಫೋನಿನಲ್ಲಿ ಕಿರುಚಿದಳು. "ಅಮ್ಮಾ, ಯು ಕ್ಯಾರಿ ಸ್ಪೈಡರ್ಸ್ ಔಟ್‌ಸೈಡ್ ಇನ್ ಎ ಕಪ್!"

ಅವಳು ಹೇಳಿದ್ದು ನಿಜ. ಜೇಡವನ್ನು ಲೋಟದಲ್ಲಿ ಹಿಡಿದು ಹೊರಗೆ ಬಿಟ್ಟು ಬರುವವಳು ನಾನು. ಆ ಮರುಕ, ಈ ಬೇಟೆಯ ಕುತೂಹಲ ಎರಡೂ ಒಬ್ಬಳಲ್ಲೇ ಹೇಗೆ ಇರಬಹುದು ಎಂಬುದು ನನಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೇ ನನ್ನನ್ನು ಎಳೆಯುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಮಗಳನ್ನು ನೋಡಲು ಹೋದ ಶನಿವಾರವೇ ಆನ್ ಆರ್ಬರ್‌ನ ಅಂಗಡಿಯೊಂದರಲ್ಲಿ ಮೊದಲ ಜೊತೆ ಬೂಟು ತಗೊಂಡೆ. ಬೂದು ಬಣ್ಣ, ಹಗುರ, ಹಾಕಿದ ತಕ್ಷಣ ಮನೆಯ ಚಪ್ಪಲಿಯ ಹಾಗೆ ಒಗ್ಗಿಬಿಟ್ಟಿತು. ಒಳ್ಳೆಯ ಬೂಟು ಎಂದರೆ ಕಾಲಿಗೆ ನೋಯದ ಬೂಟು ಎಂದೇ ನಾನು ತಿಳಿದಿದ್ದೆ. ಪಕ್ಕದ ಮನೆಯಾಕೆಗೆ ತೋರಿಸಿದೆ. ಅವಳು ಒಂದು ಕೈಯಲ್ಲಿ ಮುಂದಿನ ತುದಿ, ಇನ್ನೊಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದಳು. ಬೂಟು ಅರ್ಧ ಸುತ್ತು ತಿರುಗಿತು. ಅವಳು ಒಳಗೆ ಹೋಗಿ ತನ್ನ ಹಳೆಯ ಚರ್ಮದ ಬೂಟು ತಂದು ನನ್ನ ಕೈಗಿಟ್ಟಳು. ಬಗ್ಗಿಸಲು ನೋಡಿದೆ. ಹಲಗೆಯ ಹಾಗಿತ್ತು.

"ಹಲಗೆ ಕಟ್ಟಿಕೊಂಡು ನಡೆಯುವುದು ಯಾಕೆ?" ಎಂದು ಕೇಳಿದೆ.

"ಬಾ, ನೋಡೋಣ," ಎಂದಳು.

ಡೆಟ್ರಾಯ್ಟ್ ಸುತ್ತಮುತ್ತ ಬೆಟ್ಟ ಎಂಬುದಿಲ್ಲ. ನಾವು ಹೋದದ್ದು ಚಳಿಗಾಲದಲ್ಲಿ ಮಕ್ಕಳು ಜಾರುವ ಒಂದು ಹುಲ್ಲಿನ ದಿಬ್ಬಕ್ಕೆ. ಹಿಂದಿನ ದಿನ ಮಳೆ ಬಂದಿತ್ತು. ನನ್ನ ಬೆನ್ನಿಗೆ ಸೋನಾ ಮಸೂರಿ ಅಕ್ಕಿಯ ಮೂಟೆ ಹಾಕಿದ ಚೀಲ ಏರಿಸಿ, "ನೇರವಾಗಿ ಹತ್ತಬೇಡ, ಅಡ್ಡಡ್ಡ ನಡೆ" ಎಂದು ತಾನೂ ತನ್ನ ಚರ್ಮದ ಬೂಟಿನಲ್ಲಿ ಜೊತೆಗೆ ನಡೆದಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಪಾದ ಬೂಟಿನೊಳಗೇ ಇಳಿಜಾರಿನ ಕಡೆ ಜರುಗತೊಡಗಿತು. ಬೂಟಿನ ತಳ ದಿಬ್ಬದ ಓರೆಗೆ ತಕ್ಕಂತೆ ಸೊಟ್ಟಗಾಗುತ್ತಿತ್ತು, ಅದರ ಮೇಲೆ ನಿಂತ ಕಾಲಿನ ಗಂಟೂ ಸೊಟ್ಟಗಾಗುತ್ತಿತ್ತು. ಹಿಂದೆ ತಿರುಗಿ ನೋಡಿದೆ. ಅವಳ ಹೆಜ್ಜೆಗಳು ಕೆಸರಿನಲ್ಲಿ ಉಳಿಯಿಂದ ಕೆತ್ತಿದ ಸಣ್ಣ ಮೆಟ್ಟಿಲುಗಳಂತೆ ಕಂಡವು. ನನ್ನವು ಒರೆಸಿದ ಕಲೆಗಳ ಹಾಗಿದ್ದವು. ಅವಳ ಬೂಟಿನ ಅಂಚು ಬಗ್ಗದೆ ಮಣ್ಣನ್ನು ಕೊರೆದಿತ್ತು. ಕೊರೆದ ಜಾಗದಲ್ಲಿ ಅವಳ ಪಾದ ಸಮತಟ್ಟಾಗಿ ನಿಂತಿತ್ತು. ಮೆಟ್ಟಿಲಿಲ್ಲದ ಕಡೆ ಮೆಟ್ಟಿಲು ಮಾಡಿಕೊಳ್ಳುವುದು! ನಾನು ಅಕ್ಕಿ ಮೂಟೆಯ ಸಮೇತ ಕೆಸರಿನಲ್ಲಿ ಕೂತು ಆ ಹೆಜ್ಜೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಬೂದು ಬೂಟನ್ನು ವಾಪಸು ಮಾಡಿ, ಬೇರೆ ಬೇರೆ ನಮೂನೆಯ ಮೂರು ಜೊತೆ ತರಿಸಿದೆ. ಗರಾಜಿನಲ್ಲಿ ಬೂಟಿನ ಹಿಮ್ಮಡಿಯನ್ನು ಬೆಂಚಿಗೆ ಬಿಗಿದು, ತುದಿಗೆ ಅಕ್ಕಿಯ ಚೀಲ ನೇತುಹಾಕಿ ಎಷ್ಟು ಬಗ್ಗುತ್ತದೆ ಎಂದು ಗೋಡೆಯ ಮೇಲೆ ಗುರುತು ಹಾಕತೊಡಗಿದೆ. ಕಾರು ನಿಲ್ಲಿಸಲು ಬಂದ ಮನೆಯವರು ಬಾಗಿಲಲ್ಲೇ ನಿಂತರು.

"ಏನೇ ಇದು? ಅಕ್ಕಿ ಯಾಕೆ ನೇತಾಕಿದೀಯ?"

"ಇದು ಬಗ್ಗೂದಿಲ್ಲ, ಆದ್ರ ತಿರುಚತೈತಿ, ನೋಡ್ರಿ ಇಲ್ಲೆ. ಬಗ್ಗೂದ ಬ್ಯಾರೆ, ತಿರುಚೂದ ಬ್ಯಾರೆ!"

ಅವರು ನೋಡಿದರು. ಅವರೂ ಎಂಜಿನಿಯರೇ. ಗೋಡೆಯ ಗುರುತಿನ ಹತ್ತಿರ ಬಾಗಿ, "ಚೀಲ ಅಲ್ಲಾಡ್ತಾ ಇದೆ, ಅದು ನಿಂತ ಮೇಲೆ ಮಾರ್ಕ್ ಮಾಡು," ಎಂದರು. ಅವತ್ತು ರಾತ್ರಿಯ ಅಡುಗೆ ತಡವಾಯಿತು.

ಎಲ್ಲಕ್ಕಿಂತ ಗಡುಸಾದದ್ದೇ ಎಲ್ಲಕ್ಕಿಂತ ಒಳ್ಳೆಯದು ಎಂದು ಆಗ ನನಗೆ ತೋರಿತ್ತು. ಅದೂ ತಪ್ಪಾಯಿತು. ಮೂರರಲ್ಲಿ ಒಂದು ಮಂಜುಗಡ್ಡೆ ಹತ್ತುವವರ ಬೂಟು. ಅದನ್ನು ಹಾಕಿಕೊಂಡು ಆಫೀಸಿನ ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಹತ್ತಿದರೆ, ಬೂಟು ಬಗ್ಗದ್ದಕ್ಕೆ ಪ್ರತಿ ಹೆಜ್ಜೆಗೂ ಹಿಮ್ಮಡಿ ಒಳಗೇ ಮೇಲೆದ್ದು ಉಜ್ಜುತ್ತಿತ್ತು. ಮನೆಗೆ ಬಂದು ನೋಡಿದರೆ ಬೊಬ್ಬೆ. ಹೊರುವವಳಿಗೆ ಗಡುಸು ಬೇಕು, ನಡೆಯುವವಳಿಗೆ ತುಸು ಬಾಗು ಬೇಕು. ತಳ ಮುಂದಕ್ಕೆ ದೋಣಿಯ ಮೂತಿಯ ಹಾಗೆ ಸ್ವಲ್ಪ ಎದ್ದಿದ್ದರೆ ಪಾದ ಬಗ್ಗುವ ಬದಲು ಉರುಳುತ್ತದೆ. ಇಷ್ಟು ತಿಳಿಯುವಾಗ ಜೂನ್ ಮುಗಿದಿತ್ತು. ಇನ್ನೆರಡು ಜೊತೆಗಳ ಗಡುಸು ಸರಿಯಾಗಿತ್ತು, ಆದರೆ ಅವು ನನ್ನ ಪಾದಕ್ಕೆ ಕೂರಲಿಲ್ಲ. ಚಿಕ್ಕಂದಿನಲ್ಲಿ ಬರಿಗಾಲಿನಲ್ಲಿ, ಆಮೇಲೆ ಚಪ್ಪಲಿಯಲ್ಲಿ ಬೆಳೆದ ನನ್ನ ಬೆರಳುಗಳು ಬೀಸಣಿಗೆಯ ಹಾಗೆ ಅಗಲ. ಆ ಬೂಟುಗಳ ಮುಂಭಾಗ ಇನ್ಯಾರದೋ ಕಾಲನ್ನು ನೆನೆದು ಮಾಡಿದ್ದು.

ಜುಲೈಯಲ್ಲಿ, ಪಶ್ಚಿಮಕ್ಕೆ ಕೆಲವು ಗಂಟೆಗಳ ದಾರಿಯ ಪ್ಲೇನ್‌ಫೀಲ್ಡ್‌ನಲ್ಲಿರುವ ತಂಗಿಯ ಮನೆಗೆ ಹೋದೆವು. ಅಲ್ಲಿ ಹೈವೇಯ ಎಕ್ಸಿಟ್ ಪಕ್ಕದಲ್ಲೇ ಬೇಟೆಗಾರರ ದೊಡ್ಡ ಅಂಗಡಿಯೊಂದಿದೆ. "ಸಂಜೆ ಹೋಗು, ಆಗ ಕಾಲು ಊದಿರುತ್ತದೆ. ಬೆಟ್ಟದಲ್ಲೂ ಊದುತ್ತದೆ," ಎಂದು ಪಕ್ಕದ ಮನೆಯಾಕೆ ಹೇಳಿ ಕಳಿಸಿದ್ದಳು. ತಂಗಿಯೂ ಜೊತೆಗೆ ಬಂದಳು. ಒಳಗೆ ಕಾಲಿಟ್ಟರೆ ಎದುರಿಗೇ ಹಿಂಗಾಲ ಮೇಲೆ ನಿಂತ ಕರಡಿ, ಒಳಗೆ ಹತ್ತಿ ತುಂಬಿದ್ದು.

"ಅಕ್ಕಾ, ಎಲ್ಲಿ ಕರಕೊಂಡ್ ಬಂದಿ ನನ್ನ?" ಎಂದು ತಂಗಿ ನನ್ನ ತೋಳು ಹಿಡಿದುಕೊಂಡಳು. ಎರಡು ನಿಮಿಷದಲ್ಲಿ ಅದೇ ಕರಡಿಯ ಉಗುರು ಮುಟ್ಟಿ ನೋಡುತ್ತಿದ್ದಳು.

ಬೂಟಿನ ಕಡೆ ಇದ್ದ ಹುಡುಗಿ ಅಗಲ ಮೂತಿಯ ಒಂದು ಕಂದು ಬಣ್ಣದ ಜೊತೆ ತಂದಳು. ಗಟ್ಟಿ ಚರ್ಮ, ಕಣಕಾಲಿನ ಮೇಲಿನವರೆಗೆ ಎತ್ತರ, ಸುತ್ತಲೂ ಕಲ್ಲಿನ ಏಟಿಗೆ ರಬ್ಬರಿನ ಪಟ್ಟಿ. ಹಿಡಿದು ತಿರುಚಿದೆ, ತಿರುಗಲಿಲ್ಲ. ಬಗ್ಗಿಸಿದೆ, ತುದಿಯಲ್ಲಿ ಮಾತ್ರ ಒಂದಿಷ್ಟು ಮಣಿಯಿತು. ದಪ್ಪ ಉಣ್ಣೆಯ ಕಾಲುಚೀಲದ ಮೇಲೆ ಹಾಕಿಕೊಂಡು ನಿಂತೆ. ಬೆರಳುಗಳು ಮೊದಲ ಸಲ ತಮ್ಮ ತಮ್ಮ ಜಾಗದಲ್ಲಿ ಕೂತವು. ಅಂಗಡಿಯಲ್ಲಿ ಇಳಿಜಾರಿನ ಹಲಗೆಯೊಂದಿತ್ತು, ಕಲ್ಲುಗಳನ್ನು ಅಂಟಿಸಿದ್ದು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಎಡಗಾಲಿನ ಎರಡನೆಯ ಬೆರಳಿಗೆ ಮುಳ್ಳು ಚುಚ್ಚಿದ ಹಾಗಾಗಿ "ಅವ್ವಾ!" ಎಂದೆ.

ಬೂಟು ಬಿಚ್ಚಿ ನೋಡಿದರೆ, ಕಾಲುಂಗುರ.

"ಇದೇನಿದು? ಬೆರಳಿಗೆ ಉಂಗುರವೇ?" ಎಂದು ಆ ಹುಡುಗಿ ಬಾಗಿ ನೋಡಿದಳು. ಹೇಳಿದೆವು. "ಚೆನ್ನಾಗಿದೆ," ಎಂದಳು. "ಆದರೆ ಇಳಿಯುವಾಗ ಇಡೀ ಮೈ, ಬೆನ್ನಿನ ಹೊರೆ ಎಲ್ಲ ಬಂದು ಬೆರಳ ಮೇಲೆ ಕೂರುತ್ತದೆ. ತೆಗೆಯಲು ಆಗುವುದಿಲ್ಲವೇ?"

"ತಗೀ ಅಕ್ಕಾ," ಎಂದಳು ತಂಗಿ ಒಂದು ಕ್ಷಣವೂ ತಡೆಯದೆ. ಅವಳು ಕಾಲುಂಗುರ ಬಿಟ್ಟು ಎಷ್ಟೋ ಕಾಲವಾಗಿತ್ತು.

ಮದುವೆಯಾದಂದಿನಿಂದ ನನ್ನದು ಕಳಚಿರಲಿಲ್ಲ. ಹೆರಿಗೆಯ ಹೊತ್ತಿನಲ್ಲೂ ನರ್ಸ್ ಅದರ ಮೇಲೆ ಪಟ್ಟಿ ಸುತ್ತಿದ್ದಳೇ ಹೊರತು ತೆಗೆದಿರಲಿಲ್ಲ. ನಾನು ತುಂಬ ವ್ರತ ನೇಮದವಳೇನಲ್ಲ. ಆದರೂ ತೆಗೆಯುವುದು ಎಂದಾಗ ಅಂಗೈಯಿಂದ ಉಂಗುರ ಮುಚ್ಚಿಕೊಂಡು, ಹಲಗೆಯ ಮೇಲಿನ ಕಲ್ಲುಗಳನ್ನೇ ನೋಡುತ್ತಾ ಕೂತೆ. ಆಮೇಲೆ, ಉಂಗುರದ ಮಾತು ಮನೆಯಲ್ಲಿ ನೋಡಿಕೊಂಡರಾಯಿತು ಎಂದು ಬೂಟು ಕೊಂಡೆ.

ಫಾರ್ಮಿಂಗ್ಟನ್ ಹಿಲ್ಸ್‌ಗೆ ಮರಳಿದ ಮೇಲೆ ಮನೆಯವರಿಗೆ ಹೇಳಿದೆ. ಅವರು ನನ್ನ ಪಾದಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಕನ್ನಡಕ ಏರಿಸಿ, ಎರಡೂ ಉಂಗುರಗಳನ್ನು ತಿರುಗಿಸಿ ನೋಡಿದರು. ಬೆರಳಿನ ಗೆಣ್ಣು ದಪ್ಪವಾಗಿ ಉಂಗುರ ಹೊರಬರುವ ಹಾಗಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರು, ಆಗಲಿಲ್ಲ. ಕೊನೆಗೆ ಗರಾಜಿನಿಂದ ಸಣ್ಣ ಇಕ್ಕಳ ತಂದರು.

"ಬ್ಯಾಸರ ಏನ್ ಇಲ್ಲಲ್ರೀ ನಿಮಗ?" ಎಂದೆ.

"ನಾನೇ ತಾನೆ ಹಾಕಿದ್ದು ಅವತ್ತು? ಪುರೋಹಿತರು ಬೇಗ ಬೇಗ ಅಂತ ಅವಸರ ಮಾಡ್ತಾ ಇದ್ರು. ಸರಿಯಾಗಿ ನೋಡೇ ಇರ್ಲಿಲ್ಲ ನಾನು," ಎಂದರು. ತುದಿಗಳನ್ನು ಮೆಲ್ಲಗೆ ಅಗಲಿಸಿ ಎರಡನ್ನೂ ಬಿಡಿಸಿದರು. ಬೆರಳುಗಳ ಮೇಲೆ ಬಿಳಿಯ ಕಟ್ಟು ಉಳಿದಿತ್ತು. ಇಬ್ಬರೂ ಅದನ್ನೇ ನೋಡಿದೆವು. ಅದರ ಕೆಳಗಿನ ಚರ್ಮ ಮಗುವಿನದರ ಹಾಗೆ ಮೆತ್ತಗಿತ್ತು.

ಆಗಸ್ಟಿನಿಂದ ದಿನವೂ ಬೂಟು ಹಾಕಿ ನಡೆದೆ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಅಕ್ಕಿ ಮೂಟೆ ಹೊತ್ತು, ಉಣ್ಣೆಯ ಕಾಲುಚೀಲ ಹಾಕಿಕೊಂಡು ಸಬ್‌ಡಿವಿಜನ್ ಸುತ್ತುವವಳನ್ನು ಯಾರು ತಾನೆ ಬಿಟ್ಟಾರು? ಮಗನ ಮನೆಗೆಂದು ಬೆಂಗಳೂರಿನಿಂದ ಬಂದಿದ್ದ ಆಂಟಿಯೊಬ್ಬರು ತಡೆದು ನಿಲ್ಲಿಸಿ, "ಮಂಡಿ ನೋವಿಗೇನಮ್ಮಾ ಈ ಶೂ? ಯಾವ ಡಾಕ್ಟ್ರು ಕೊಟ್ರು?" ಎಂದು ಕೇಳಿದರು. "ಬೆಟ್ಟ ಹತ್ಬೇಕು ಆಂಟಿ," ಎಂದೆ. ಅವರು ಸುತ್ತಲಿನ ಚಪ್ಪಟೆ ನೆಲವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ ಮುಂದೆ ಹೋದರು. ಲೇಸು ಕಟ್ಟುವುದನ್ನೂ ಹೊಸದಾಗಿ ಕಲಿತೆ. ಕಾಲಿನ ಮಡಿಕೆಯ ಹತ್ತಿರ ಎರಡು ಸಲ ಸುತ್ತಿ ಬಿಗಿದರೆ, ಕೆಳಗೆ ಸಡಿಲ, ಮೇಲೆ ಬಿಗಿ ಇಟ್ಟುಕೊಳ್ಳಬಹುದು. ಇಳಿಯುವಾಗ ಪಾದ ಮುಂದಕ್ಕೆ ಜಾರುವುದಿಲ್ಲ. ಸೆಪ್ಟೆಂಬರಿನ ಹೊತ್ತಿಗೆ ಚರ್ಮದ ಮೇಲೆ ನನ್ನ ನಡಿಗೆಯದೇ ಮಡಿಕೆಗಳು ಬಿದ್ದಿದ್ದವು.

ಅಕ್ಟೋಬರಿನಲ್ಲಿ ಅವಳ ಟ್ರಕ್ಕಿನಲ್ಲಿ ಹೊರಟೆವು. ದಾರಿಯಲ್ಲಿ ಪ್ಲೇನ್‌ಫೀಲ್ಡ್‌ನಲ್ಲಿ ನಿಂತಾಗ ತಂಗಿ ಗರಿಗರಿಯಾದ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಬೆಟ್ಟದ ಮೇಲೆ ಟೆಂಟು ಹಾಕಿದ ಮೊದಲ ದಿನಗಳಲ್ಲಿ ಉಸಿರು ಸಾಲುತ್ತಿರಲಿಲ್ಲ. ನಸುಕಿನಲ್ಲಿ ಎದ್ದು ಹತ್ತುವುದು, ಕೂತು ದುರ್ಬೀನಿನಲ್ಲಿ ನೋಡುವುದು, ಇಳಿಯುವುದು. ಏನೂ ಸಿಗಲಿಲ್ಲ. ಅವಳಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಹಿಕ್ಕೆ ತೋರಿಸಿ ಇದು ನಿನ್ನೆಯದು, ಇದು ಇವತ್ತಿನದು ಎನ್ನುತ್ತಿದ್ದಳು. ನಾನು ಕೇಳಿದ್ದೇ ಕೇಳಿದ್ದು. ರೊಟ್ಟಿ ಮುರಿಯುವ ಶಬ್ದಕ್ಕೆ ಎಲ್ಕ್ ಓಡಿಹೋಗುತ್ತದೆ ಎಂದು ಅವಳು ರೇಗಿಸುತ್ತಿದ್ದಳು. ಚಟ್ನಿಪುಡಿಯನ್ನು ಮಾತ್ರ ಬರಿಯ ಬೆರಳಿನಲ್ಲಿ ನೆಕ್ಕಿ ಖಾಲಿ ಮಾಡಿದವಳು ಅವಳೇ.

ಕೊನೆಗೆ ಒಂದು ಬೆಳಗ್ಗೆ, ನಮ್ಮ ಕೆಳಗಿನ ಬಯಲಿನಂಚಿಗೆ ಹೆಣ್ಣು ಎಲ್ಕ್‌ಗಳ ಗುಂಪು ಬಂತು. ಅವಳ ಪರವಾನಗಿ ಹೆಣ್ಣು ಎಲ್ಕ್‌ಗೇ ಇತ್ತು. ಅವಳು ಮಲಗಿ, ಬಂದೂಕನ್ನು ಚೀಲದ ಮೇಲೆ ಆನಿಸಿ, ಬಹಳ ಹೊತ್ತು ಕಾದಳು. ನಾನು ಕಿವಿ ಮುಚ್ಚಿಕೊಂಡೆ. ಕಣ್ಣು ಮುಚ್ಚಬೇಕೆಂದುಕೊಂಡಿದ್ದೆ, ಮುಚ್ಚಲಿಲ್ಲ. ಶಬ್ದವಾಯಿತು. ಒಂದು ಎಲ್ಕ್ ಕೆಲವು ಹೆಜ್ಜೆ ನಡೆಯಿತು, ಏನೋ ನೆನಪಿಸಿಕೊಳ್ಳುವಂತೆ ನಿಂತಿತು, ಆಮೇಲೆ ಬಿತ್ತು. ಉಳಿದವು ಮರಗಳೊಳಗೆ ಹೋದವು.

ಹತ್ತಿರ ಹೋದಾಗ ಅವಳು ಕೈಗವಸು ತೆಗೆದು ಅದರ ಕುತ್ತಿಗೆಯ ಮೇಲೆ ಅಂಗೈ ಇಟ್ಟು ಕೂತಳು. ಸ್ವಲ್ಪ ಹೊತ್ತಿನ ಮೇಲೆ ನಾನೂ ಇಟ್ಟೆ. ಕೂದಲು ನಾನೆಂದುಕೊಂಡಿದ್ದಕ್ಕಿಂತ ಒರಟು, ಬುಡದಲ್ಲಿ ಮೆತ್ತಗೆ. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ, ಅದಕ್ಕೆ ನನಗೇ ಆಶ್ಚರ್ಯ.

ಅವಳು ಕೊಯ್ಯತೊಡಗಿದಾಗ ನಾನು ಮುಖ ತಿರುಗಿಸಿ ಕೂರುವೆನೆಂದು ಇಬ್ಬರೂ ಅಂದುಕೊಂಡಿದ್ದೆವು. ಆದರೆ ಹಿಂಗಾಲು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಹಿಡಿದೆ. ಹಿಡಿದವಳು ನೋಡಿದೆ. "ಇದು ಶ್ವಾಸಕೋಶ," ಎಂದಳು ಅವಳು ಪಾಠ ಹೇಳುವ ದನಿಯಲ್ಲಿ, "ಎಷ್ಟು ದೊಡ್ಡದು ನೋಡು, ಈ ಗಾಳಿಯಲ್ಲಿ ಓಡಬೇಕಲ್ಲ." ಹೊಟ್ಟೆಯಿಂದ ಹಸಿ ಮೇವಿನ ವಾಸನೆ ಬಂತು, ಬೆಳಗ್ಗೆ ದನದ ಕೊಟ್ಟಿಗೆಯಲ್ಲಿ ಬರುವಂಥದ್ದೇ. ಅಷ್ಟು ಹೊತ್ತು ಅಲುಗದ ನನ್ನ ಮನಸ್ಸು ಆ ವಾಸನೆಗೆ ಒಮ್ಮೆ ಕಲಕಿತು. ದೂರ ಹೋಗಿ ನೀರು ಕುಡಿದು ಬಂದು ಮತ್ತೆ ಕಾಲು ಹಿಡಿದುಕೊಂಡೆ.

ಟೆಂಟಿಗೆ ದಾರಿ ಇದ್ದದ್ದು ಉದುರು ಕಲ್ಲಿನ ಇಳಿಜಾರನ್ನು ಅಡ್ಡ ದಾಟಿ. ಮೊದಲ ಹೊರೆ ಇಬ್ಬರೂ ಹೊತ್ತೆವು. ಟೆಂಟು ತಲುಪುವಷ್ಟರಲ್ಲಿ ಅವಳ ಮೊಣಕಾಲು ಊದಿಕೊಂಡಿತು. ಅವಳು ತುಟಿ ಕಚ್ಚಿಕೊಂಡು ಏಳಲು ನೋಡಿದಳು, ನಾನು ಬಿಡಲಿಲ್ಲ. "ಇಲ್ಲೇ ಕೂತು ದುರ್ಬೀನಿನಲ್ಲಿ ನನ್ನನ್ನು ನೋಡುತ್ತಿರು," ಎಂದು ಉಳಿದದ್ದಕ್ಕೆ ನಾನೊಬ್ಬಳೇ ಹೋದೆ.

ಬಟ್ಟೆಯ ಚೀಲಕ್ಕೆ ಹಾಕಿದ ತೊಡೆಯ ಮಾಂಸ ಬೆನ್ನ ಮೇಲೆ ಬಂದಾಗ ಅಕ್ಕಿಯ ಮೂಟೆಗೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಾಯಿತು. ಅಕ್ಕಿ ಹೇಗಿಟ್ಟರೆ ಹಾಗಿರುತ್ತದೆ. ಇದು ನಾನು ವಾಲಿದ ಕಡೆ ತಾನೂ ವಾಲುತ್ತಿತ್ತು. ಕಲ್ಲಿನ ಇಳಿಜಾರಿನಲ್ಲಿ ಬೂಟಿನ ತಳದ, ಬೆಟ್ಟದ ಕಡೆಯ ಅಂಚನ್ನು ಒತ್ತಿ ಒತ್ತಿ ಹೆಜ್ಜೆ ಹಾಕಿದೆ. ಪ್ರತಿ ಸಲವೂ ಅಂಚು ಒಂದಿಷ್ಟು ಜಾಗ ಕೊರೆದು ನಿಲ್ಲುತ್ತಿತ್ತು. ಅರ್ಧ ದಾರಿಯಲ್ಲಿ ತಟ್ಟೆಯಷ್ಟಗಲದ ಕಲ್ಲೊಂದು ಕಾಲಡಿ ಜಾರಿತು. ಬಲಗಾಲು ಎರಡು ಬಂಡೆಗಳ ನಡುವೆ ಇಳಿಯಿತು, ಹೊರೆ ನನ್ನನ್ನು ಕಣಿವೆಯ ಕಡೆಗೆ ಎಳೆಯಿತು. ಕಣಕಾಲು ಈಗ ಮುರಿಯುತ್ತದೆ ಎಂದುಕೊಂಡೆ. ಬೂಟಿನ ಗೋಡೆ ಕಾಲಿನ ಗಂಟನ್ನು ಎರಡು ಕೈಯಲ್ಲಿ ಹಿಡಿದಂತೆ ಹಿಡಿಯಿತು. ತಿರುಚಲು ಬಿಡಲಿಲ್ಲ. ಎಡ ಮೊಣಕಾಲೂರಿ, ಕೋಲಿಗೆ ಭಾರ ಕೊಟ್ಟು ಉಸಿರು ಎಳೆದುಕೊಂಡೆ. ಟೆಂಟಿನ ಕಡೆಯ ದಿಬ್ಬದ ಮೇಲಿಂದ ಅವಳ ಕೂಗು ಗಾಳಿಯಲ್ಲಿ ಬಂತು, ಮಾತು ತಿಳಿಯಲಿಲ್ಲ. ಕೈ ಎತ್ತಿ ಬೀಸಿದೆ. ಪಾದವನ್ನು ಹಿಂದಕ್ಕೆ ಎಳೆದು ಬಿಡಿಸಿಕೊಂಡೆ. ರಬ್ಬರಿನ ಪಟ್ಟಿ ಒಂದು ಕಡೆ ಸೀಳಿತ್ತು, ಕಾಲಿಗೆ ಏನೂ ಆಗಿರಲಿಲ್ಲ. ಹೊರೆಯ ಪಟ್ಟಿಯನ್ನು ಮತ್ತೆ ಬಿಗಿದುಕೊಂಡೆ. ಆಮೇಲೆ ಎದ್ದೆ. ಮತ್ತೊಮ್ಮೆ ಹೋಗಿ ಬರಬೇಕಿತ್ತು, ಹೋಗಿಬಂದೆ.

ಅವತ್ತು ಸಂಜೆ ಅವಳು ನನ್ನ ಕೈ ಹಿಡಿದುಕೊಂಡು, "ನೀನು ಹೊತ್ತದ್ದನ್ನು ಅಣ್ಣನಿಗೆ ಹೇಳುತ್ತೇನೆ," ಎಂದಷ್ಟೇ ಹೇಳಿದಳು.

ಹಿಂದಿರುಗುವಾಗ ಸಂಜೆಗೆ ಪ್ಲೇನ್‌ಫೀಲ್ಡ್ ತಲುಪಿದೆವು. ಅವಳು ಸೋಫಾದ ಮೇಲೆ ಮೊಣಕಾಲಿಗೆ ಐಸ್ ಇಟ್ಟುಕೊಂಡು ಅಲ್ಲೇ ನಿದ್ದೆ ಹೋದಳು. ತಂಗಿ ಬಕೆಟ್ಟಿನಲ್ಲಿ ಉಪ್ಪು ಹಾಕಿದ ಬಿಸಿನೀರು ತಂದು ಅಡುಗೆಮನೆಯಲ್ಲಿ ನನ್ನ ಮುಂದಿಟ್ಟಳು. ಕಾಲು ಇಳಿಬಿಟ್ಟೆ. ಅವಳು ನೆಲದ ಮೇಲೆ ಕೂತು ಎಲ್ಲವನ್ನೂ ಕೇಳಿದಳು. ಕಲ್ಲು ಜಾರಿದ್ದು ಹೇಳಿದಾಗ ಬಯ್ದಳು. ಪ್ರಾಣಿ ಬಿದ್ದದ್ದು ಹೇಳಿದಾಗ ನನ್ನ ಮುಖ ನೋಡದೆ ನೀರಿನೊಳಗಿನ ಪಾದಗಳನ್ನೇ ನೋಡುತ್ತಿದ್ದಳು. ಅವಳಿಗೆ ಇದೆಲ್ಲ ಇಷ್ಟವಾಗಿಲ್ಲ ಎಂದುಕೊಂಡು ನಾನು ಮಾತು ನಿಲ್ಲಿಸಿದೆ.

ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ತಂಗಿ ಒಮ್ಮೆ ಸೋಫಾದ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಅಕ್ಕಾ, ಬೆನ್ನ ಮ್ಯಾಲೆ ಇತ್ತಲ್ಲ... ಬಿಸಿ ಇತ್ತೇನು?"

"ಇತ್ತು," ಎಂದೆ. "ಕೂಸಿನ್ನ ಹೊತ್ತಾಗ ಇರ್ತೈತಲ್ಲ, ಹಂಗ. ಭಾಳೊತ್ತಿನ ತನಕ ಇತ್ತು."

ಅವಳು ಇನ್ನೂ ಹತ್ತಿರ ಸರಿದು ಕೂತಳು. "ಮುಂದ ಹೇಳು," ಎಂದಳು.